ಅಕ್ಕಿ ಕೋಣೆಗಾಗಿ ಮೂರು ಸಂಗೀತ ಕಛೇರಿ: ಚಿಕ್ಕಮಗಳೂರಿನ ಒಂದು ಪ್ರಕರಣ

ಜುಲೈ ಎರಡನೆಯ ವಾರದಲ್ಲಿ ಡ್ರಮ್ಮಿನ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಮುಗ್ಗಲು ವಾಸನೆ. ಕೈಹಾಕಿ ಒಂದು ಬೊಗಸೆ ಎತ್ತಿದರೆ ಅಕ್ಕಿ ಗಡ್ಡೆ ಕಟ್ಟಿಕೊಂಡು ಬಂತು. ಗಡ್ಡೆ ಪುಡಿಮಾಡಿದರೆ ಒಳಗೆ ನುಸಿ. ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಕೊಡೆ ಮಡಚಿ, ಖಾಲಿ ಚೀಲ ಹಿಡಿದು ನಿಂತಿದ್ದರು. ಆ ಅಕ್ಕಿ ಬಂದದ್ದು ಏಳು ತಿಂಗಳ ಹಿಂದೆ, ಡಿಸೆಂಬರಿನ ಒಂದು ಸಂಜೆ, ಹಾಡು ಕೇಳಲು ಬಂದವರ ಕೈಯಿಂದ.

ಅದು ಹೇಗೆ ಬಂತು, ಹೇಗೆ ಕೆಟ್ಟಿತು, ನಂತರದ ಎರಡು ವರ್ಷ ನಾವು ಏನನ್ನು ತಿದ್ದಿಕೊಂಡೆವು ಎಂಬುದು ಈ ಬರಹದ ವಿಷಯ. ನಾನು ಹಾಡುವವನಲ್ಲ, ತಾಳ ಹಾಕಿದರೂ ತಪ್ಪುತ್ತದೆ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ಖರ್ಚುವೆಚ್ಚದ ಪುಸ್ತಕ ನನ್ನ ಕೈಗೆ ಬಂತು. ಹೀಗಾಗಿ ಇದು ಪುಸ್ತಕದ ಕಡೆಯಿಂದ ಕಂಡ ಕಥೆ. ವೇದಿಕೆಯ ಮೇಲೆ ಕುಳಿತವರು ಬೇರೆ ರೀತಿ ಹೇಳಿಯಾರು.

ಕೋಣೆ ಮತ್ತು ಅದಕ್ಕೆ ಬರುವವರು

ಅಕ್ಕಿ ಕೋಣೆ ಎಂದು ನಾವು ಕರೆಯುವುದು ಊರಿನ ಅಂಚಿನಲ್ಲಿರುವ ಹಳೆಯ ಕಾಫಿ ಗೋದಾಮಿನ ಒಂದು ಭಾಗವನ್ನು. ನೋಂದಾಯಿತ ಟ್ರಸ್ಟ್ ಒಂದು ಅದನ್ನು ನಡೆಸುತ್ತದೆ. ತಿಂಗಳಿಗೆ ಎರಡು ಶನಿವಾರ ಬಾಗಿಲು ತೆರೆಯುತ್ತದೆ. ಬಂದವರಿಗೆ ಹತ್ತು ದಿನಕ್ಕಾಗುವಷ್ಟು ದಿನಸಿ ಕಟ್ಟಿಕೊಡುತ್ತಾರೆ. ಫುಡ್ ಬ್ಯಾಂಕ್ ಎನ್ನುವ ಈ ಏರ್ಪಾಡು 1967ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರಿಂದ ಶುರುವಾಯಿತು. ಮಿಕ್ಕವರು ತಂದಿಡುವುದು, ಇಲ್ಲದವರು ತೆಗೆದುಕೊಳ್ಳುವುದು. ಅದಕ್ಕೇ ಬ್ಯಾಂಕ್ ಎಂಬ ಹೆಸರು. ನನಗೆ ಆ ಹೆಸರು ಹಿಡಿಸಿತ್ತು. ಆದರೆ ಠೇವಣಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡದ ಗುಮಾಸ್ತನನ್ನು ನಾನು ಕೌಂಟರಿನಲ್ಲಿ ಮೂರು ದಿನವೂ ಕೂರಿಸುತ್ತಿರಲಿಲ್ಲ. ಇಲ್ಲಿ ನಾನೇ ಆ ಗುಮಾಸ್ತನಾದೆ.

ಪಡಿತರ ಅಕ್ಕಿ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಎಂದು ಕೇಳುವವರು ಪ್ರತಿ ವರ್ಷವೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಸಿಗಬೇಕು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಬಂತು. 2023ರ ಜನವರಿಯಿಂದ ಕಾಯ್ದೆಯ ಧಾನ್ಯಕ್ಕೆ ಕಾಸೂ ಕೊಡಬೇಕಾಗಿಲ್ಲ. ಇಷ್ಟಾದರೂ ಕೋಣೆಗೆ ಬರುವವರು ಇದ್ದಾರೆ. ವರ್ಷಗಟ್ಟಲೆ ಕಾಫಿ ಕೊಯ್ದು ಹೆಬ್ಬೆರಳಿನ ಗೆರೆ ಸವೆದ ಅಜ್ಜಿಯರ ಗುರುತನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಹಿಡಿಯುವುದಿಲ್ಲ. ಅಸ್ಸಾಮಿನಿಂದ ಬಂದು ತೋಟದ ಲೈನ್ ಮನೆಯಲ್ಲಿರುವವರ ಕಾರ್ಡು ಊರಿನಲ್ಲಿ ಅಪ್ಪ ಅಮ್ಮನ ಜೊತೆ ಇರುತ್ತದೆ. ಯಾವ ರಾಜ್ಯದಲ್ಲಿದ್ದರೂ ಪಡಿತರ ಪಡೆಯಬಹುದಾದ ಒಂದು ದೇಶ ಒಂದು ಪಡಿತರ ಚೀಟಿ ಎಂಬ ವ್ಯವಸ್ಥೆ ಇದೆ ಎಂದು ತಿಳಿದವರು ಅವರಲ್ಲಿ ಕಡಿಮೆ. ತಿಳಿದವರಿಗೂ ಗುಡ್ಡದ ಮೇಲೆ ನೆಟ್‌ವರ್ಕ್ ಸಿಗಬೇಕು. ಇನ್ನು ಕೆಲವರ ಮನೆಯಲ್ಲಿ ಅಕ್ಕಿ ಇರುತ್ತದೆ, ಅದರ ಮೇಲೆ ಸುರಿದುಕೊಳ್ಳಲು ಏನೂ ಇರುವುದಿಲ್ಲ. ಬೇಳೆ ಇಲ್ಲ, ಎಣ್ಣೆ ಇಲ್ಲ. ಈ ಕೊನೆಯ ಗುಂಪು ಎಷ್ಟು ದೊಡ್ಡದು ಎಂದು ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಮೊದಲ ವರ್ಷ: ತಲೆಗೊಂದು ಕಿಲೋ

ಯೋಚನೆ ಹುಟ್ಟಿದ್ದು ಆಜಾದ್ ಪಾರ್ಕ್ ವೃತ್ತದ ಹತ್ತಿರದ ಒಂದು ಹೋಟೆಲಿನಲ್ಲಿ. ಅಲ್ಲಿದ್ದವರು ಮೂವರು. ಪಿಟೀಲು ಕಲಿಸುವ ಮೇಷ್ಟರು. ಮೂಲ ಊರು ಪಕ್ಕದ ಹಾಸನ ಜಿಲ್ಲೆಯ ರುದ್ರಪಟ್ಟಣ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು ಎಂದು ಹೇಳದೆ ಅವರು ಮಾತು ಶುರುಮಾಡುವುದಿಲ್ಲ. ಚರ್ಚಿನ ಗಾಯನ ತಂಡವನ್ನು ತರಬೇತು ಮಾಡುವ ನಿವೃತ್ತ ಶಿಕ್ಷಕಿ. ಮತ್ತು ಬಿಲ್ಲು ಕೊಡಲು ನಾನು.

ಡಿಸೆಂಬರಿನಲ್ಲಿ ತಮ್ಮ ಹುಡುಗರು ಮನೆಮನೆಗೆ ಹೋಗಿ ಕ್ಯಾರಲ್ ಹಾಡುತ್ತಾರೆ, ಬಂದ ಕಾಣಿಕೆಯಲ್ಲಿ ಬಡವರಿಗೆ ಒಂದಿಷ್ಟು ಹೋಗುತ್ತದೆ ಎಂದು ಆ ಶಿಕ್ಷಕಿ ಹೇಳಿದರು. ಮೇಷ್ಟರ ಮುಖ ಅರಳಿತು. "ಅಮ್ಮಾ, ಇದು ಉಂಛವೃತ್ತಿಯೇ ಅಲ್ಲವೇ?" ಎಂದರು. ತ್ಯಾಗರಾಜರು ಬೀದಿಯಲ್ಲಿ ಹಾಡುತ್ತ ಅಕ್ಕಿ ಬೇಡಿ ತಂದು ಮನೆ ನಡೆಸಿದವರು. ಪುಷ್ಯ ಬಹುಳ ಪಂಚಮಿಯ ಆರಾಧನೆಯಲ್ಲಿ ಇಂದಿಗೂ ತಂಬೂರಿ ಹಿಡಿದು ಜೋಳಿಗೆ ಹಾಕಿಕೊಂಡು ಹೊರಡುತ್ತಾರೆ. ನಮ್ಮ ದಾಸರೂ ಹಾಗೆಯೇ. ಹಾಡಿಗೂ ಅಕ್ಕಿಗೂ ಇರುವ ನಂಟು ಹೊಸದೇನಲ್ಲ. ಹಾಗಾದರೆ ಇಬ್ಬರೂ ಸೇರಿ ಒಂದು ಸಂಜೆ ಹಾಡೋಣ, ಟಿಕೆಟ್ಟಿನ ಬದಲು ತಲೆಗೊಂದು ಕಿಲೋ ಅಕ್ಕಿ ಕೇಳೋಣ ಎಂದಾಯಿತು.

ದತ್ತ ಜಯಂತಿಯ ದಿನಗಳಲ್ಲಿ ಊರಿನಲ್ಲಿ ಬಂದೋಬಸ್ತ್ ಇರುವುದರಿಂದ ಅದನ್ನು ಬಿಟ್ಟು, ಕ್ರಿಸ್‌ಮಸ್ಸಿಗೆ ಮೊದಲಿನ ಒಂದು ಭಾನುವಾರ ಗೊತ್ತಾಯಿತು. ಧ್ವನಿವರ್ಧಕದ ಅನುಮತಿ, ರಾತ್ರಿ 10ರೊಳಗೆ ಮುಗಿಸುವ ಷರತ್ತು, ಇವೆಲ್ಲ ಎಲ್ಲರಿಗೂ ಇರುವಂಥವು. ಹಾಡುಗಳ ಆಯ್ಕೆಯಲ್ಲಿ ಮಾತ್ರ ನಾನು ಮೂಗು ತೂರಿಸಿದೆ. ಭಾವಗೀತೆ ಬೇಕು ಎಂದು ಹಲವರು ಕೇಳಿದ್ದರು. ಕವಿ ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಬೇಂದ್ರೆ 1981ರಲ್ಲಿ. ಹವ್ಯಾಸಿ ಸಂಘ ಹಣ ಕೊಡದ ಸಭಿಕರ ಮುಂದೆ ಹಾಡಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಬಾಗಿಲಲ್ಲಿ ತೂಕ ಹಾಕಿ ಅಕ್ಕಿ ಇಸಿದುಕೊಂಡ ಮೇಲೆ ಅದು ಪುಕ್ಕಟೆ ಸಭೆ ಎಂದು ವಾದಿಸುವ ಧೈರ್ಯ ನನಗಿರಲಿಲ್ಲ. ಪುರಂದರದಾಸರು, ತ್ಯಾಗರಾಜರು, ಶಿಶುನಾಳ ಶರೀಫರು. ಗಾಯನ ತಂಡದಿಂದ ಪಾಶ್ಚಾತ್ಯ ಸಂಗೀತದ ಹ್ಯಾಂಡೆಲ್ ಯೇಸುವಿನ ಬಗ್ಗೆ ರಚಿಸಿದ 'ಮೆಸ್ಸಾಯ'ದ ಒಂದು ಸಮೂಹಗಾನ. ಇವರಲ್ಲಿ ಯಾರ ವಾರಸುದಾರರೂ ಬಂದು ಕೇಳುವಂತಿಲ್ಲ.

ಸಭಾಂಗಣ ತುಂಬಿತು. ಬಾಗಿಲಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಇಟ್ಟಿದ್ದೆವು. ಬಂದವರು ಚೀಲ ಬಿಚ್ಚಿ ಸುರಿಯುತ್ತ ಹೋದರು. ಫೋಟೊಗೆ ಚೆಂದ ಕಾಣುತ್ತಿತ್ತು. ಕೆಲವರು ಮಕ್ಕಳ ಕೈಯಿಂದ ಸುರಿಸಿದರು. ಸುಮಾರು 4 ಕ್ವಿಂಟಾಲ್ ಆಯಿತು. ನನ್ನ ಹೆಂಡತಿ ಡ್ರಮ್ಮಿನೊಳಗೆ ಒಮ್ಮೆ ಇಣುಕಿ, "ಇದನ್ನು ಯಾರು ಬೇಯಿಸುತ್ತಾರೆ?" ಎಂದು ಕೇಳಿದಳು. ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಅಡುಗೆ ಮಾಡುವವರಿಗೆ ಒಂದು ನೋಟ ಸಾಕಿತ್ತು. ಸೋನಾ ಮಸೂರಿ, ದೋಸೆ ಅಕ್ಕಿ, ಕರಾವಳಿ ಕಡೆಯವರು ತಂದ ಕುಚ್ಚಲಕ್ಕಿ, ಯಾರೋ ಉದಾರಿಗಳು ಸುರಿದ ಬಾಸುಮತಿ, ಎಲ್ಲ ಒಂದೇ ಡ್ರಮ್ಮಿನಲ್ಲಿ. ಕುಚ್ಚಲಕ್ಕಿ ಬೇಯುವ ಹೊತ್ತಿಗೆ ಸೋನಾ ಮಸೂರಿ ಗಂಜಿಯಾಗುತ್ತದೆ. ಸೋನಾ ಮಸೂರಿ ಅನ್ನವಾದಾಗ ಇಳಿಸಿದರೆ ಕುಚ್ಚಲಕ್ಕಿ ಹಲ್ಲಿಗೆ ಸಿಗುತ್ತದೆ. ಜನವರಿಯ ಮೊದಲ ಶನಿವಾರ ಒಯ್ದವರು ಎರಡನೆಯ ಶನಿವಾರ ಬಂದು ದೂರಲಿಲ್ಲ. ಪುಕ್ಕಟೆ ಕೊಟ್ಟದ್ದನ್ನು ದೂರುವವರು ಕಡಿಮೆ. ಒಬ್ಬ ಅಜ್ಜಿ ಮಾತ್ರ, "ಬೇರೆ ಬೇರೆ ಇಟ್ಟಿದ್ದರೆ ಚೆನ್ನಾಗಿತ್ತು ಮಗಾ" ಎಂದರು. ಜೊತೆಗೆ ಡ್ರಮ್ಮಿನಲ್ಲಿ ಸೊಸೈಟಿ ಅಕ್ಕಿಯೂ ಧಾರಾಳವಾಗಿತ್ತು. ಸರ್ಕಾರ ಪುಕ್ಕಟೆ ಕೊಟ್ಟ ಅಕ್ಕಿ, ಬೇಡದವರ ಮನೆಯಿಂದ ಹೊರಟು, ಸಂಗೀತ ಕೇಳಿ, ಬೇಕಾದವರ ಮನೆಗೆ ಸುತ್ತುಬಳಸಿ ಹೋಗುತ್ತಿತ್ತು ಎಂದರೆ ನಗು ಬರಬಹುದು. ಪಡಿತರ ಧಾನ್ಯವನ್ನು ಹಾಗೆ ಕೈ ಬದಲಾಯಿಸುವಂತಿಲ್ಲ ಎಂದು ಟ್ರಸ್ಟಿನವರು ನೆನಪಿಸಿದಾಗ ನನಗೆ ನಗು ಬರಲಿಲ್ಲ.

ಪುಸ್ತಕ ಹೇಳಿದ್ದು

ಆದರೆ ದೊಡ್ಡ ತಪ್ಪು ಬೇರೆಯೇ ಇತ್ತು. ಜುಲೈಯಲ್ಲಿ ಅಕ್ಕಿ ಚೆಲ್ಲಿದ ಸಂಜೆ ನಾನು ಕೋಣೆಯ ವಿತರಣಾ ಪುಸ್ತಕವನ್ನು ಮನೆಗೆ ತಂದು ತಿಂಗಳುವಾರು ಬರೆದುಕೊಂಡೆ. ಜನವರಿ, ಫೆಬ್ರವರಿ, ಮಾರ್ಚ್: ಪುಟಕ್ಕೆ ಐದಾರು ಹೆಸರು. ಜೂನ್: ಪುಟ ತುಂಬಿದೆ. ಜುಲೈ: ಅಂಚಿನಲ್ಲೂ ಬರೆದಿದ್ದಾರೆ.

ಮಲೆನಾಡಿನಲ್ಲಿ ಬೆಳೆದವನಿಗೆ ಇದಕ್ಕೆ ವಿವರಣೆ ಬೇಕಾಗಿಲ್ಲ, ಆದರೂ ನನಗೆ ಹೊಳೆದಿರಲಿಲ್ಲ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೊಬಸ್ಟಾ. ಆಗ ತೋಟದ ರೈಟರುಗಳು ಆಳು ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವುದೂ ಉಂಟು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಇಡೀ ವರ್ಷದಲ್ಲಿ ಕೂಲಿಯವರ ಕೈಯಲ್ಲಿ ಕಾಸು ಓಡಾಡುವುದು ಡಿಸೆಂಬರ್ ಜನವರಿಯಲ್ಲಿ. ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಕೆಲಸ ಸಿಕ್ಕಿದ ದಿನ ಸಿಕ್ಕಿತು. ಶಾಲೆ ಶುರುವಾಗಿ ಪುಸ್ತಕ, ಕೊಡೆ, ಚಪ್ಪಲಿಯ ಖರ್ಚು ಆಗಲೇ ಬರುತ್ತದೆ. ಮಳೆ ಜೋರಾದರೆ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಡುತ್ತದೆ. ರಜೆಯೆಂದರೆ ಮಕ್ಕಳಿಗೆ ಆ ದಿನದ ಬಿಸಿಯೂಟವೂ ಇಲ್ಲ. ಮಳೆ ರಜೆ ಸಿಕ್ಕಿತೆಂದು ಕುಣಿಯುವ ನನ್ನ ಮೊಮ್ಮಗನಿಗೆ ಇದನ್ನು ಹೇಳಿದರೆ ಅರ್ಥವಾಗದು; ನನಗೇ ಅರುವತ್ತು ದಾಟಿದ ಮೇಲೆ ಅರ್ಥವಾಯಿತು.

ನಾವು ಹಾಡಿದ್ದು ಜಿಲ್ಲೆಯ ಹೊಟ್ಟೆ ತುಂಬಿದ್ದ ತಿಂಗಳಿನಲ್ಲಿ. ಹಬ್ಬದ ಕಾಲದಲ್ಲಿ ಕೊಡುವವರ ಮನಸ್ಸು ತೆರೆದಿರುತ್ತದೆ. ಆಗ ತೆಗೆದುಕೊಳ್ಳುವವರು ತೋಟದಲ್ಲಿರುತ್ತಾರೆ. ಅವರು ಬರುವ ಹೊತ್ತಿಗೆ ಅಕ್ಕಿ ಮಲೆನಾಡಿನ ಗಾಳಿಯ ತೇವ ಕುಡಿದು ಕೂತಿರುತ್ತದೆ. ತೇವಾಂಶ ಶೇ. 14 ಮೀರಿದ ಧಾನ್ಯ ಉಳಿಯುವುದಿಲ್ಲ ಎಂದು ಮಂಡಿಯವರು ಆಮೇಲೆ ಹೇಳಿದರು. ನುಸಿ ಕಾಳಿನ ಒಳಗೆ ಮೊಟ್ಟೆ ಇಡುತ್ತದೆ. ತಂದು ಸುರಿಯುವಾಗ ಕಣ್ಣಿಗೆ ಕಾಣುವುದಿಲ್ಲ. ಒಬ್ಬರ ಮನೆಯ ಹುಳ ಬಿದ್ದ ಒಂದು ಕಿಲೋ, ಉಳಿದ ಡ್ರಮ್ಮಿಗೆಲ್ಲ ಸಾಕು. ಆ ವರ್ಷ ಸುಮಾರು ಒಂದೂವರೆ ಕ್ವಿಂಟಾಲ್ ಕೋಳಿಗೆ ಹೋಯಿತು.

'ಮೆಸ್ಸಾಯ'ದ ವಿಷಯ ಆಗ ನೆನಪಾಯಿತು. ಈಗ ಅದನ್ನು ಕ್ರಿಸ್‌ಮಸ್ ಸಂಗೀತವೆಂದೇ ಹಾಡುತ್ತಾರೆ, ಆದರೆ ಅದರ ಮೊದಲ ಪ್ರಯೋಗ 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ, ಎರಡು ಆಸ್ಪತ್ರೆಗಳಿಗೂ ಸಾಲದ ಜೈಲಿನಲ್ಲಿದ್ದವರಿಗೂ ಸಹಾಯವಾಗಲೆಂದು ನಡೆಯಿತು. ಇನ್ನಷ್ಟು ಜನ ಹಿಡಿಸಲೆಂದು ಹೆಂಗಸರು ಅಗಲದ ಬಳೆ ಹಾಕಿದ ಲಂಗ ಉಡದೆ, ಗಂಡಸರು ಕತ್ತಿ ಕಟ್ಟದೆ ಬರಬೇಕೆಂದು ಮೊದಲೇ ಕೇಳಿಕೊಂಡಿದ್ದರಂತೆ. ಬಂದ ಹಣದಿಂದ 142 ಸಾಲಗಾರರು ಬಿಡುಗಡೆಯಾದರು. ಗಾಯನ ತಂಡದ ಶಿಕ್ಷಕಿ ಇದನ್ನು ವೇದಿಕೆಯ ಮೇಲೆ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದೆವು. ಯಾರಿಗೆ, ಯಾತಕ್ಕೆ ಎಂದು ಅವರು ಹಾಡುವ ಮೊದಲೇ ಗೊತ್ತುಮಾಡಿಕೊಂಡಿದ್ದರು ಎಂಬುದು ಚಪ್ಪಾಳೆಯಲ್ಲಿ ಕೇಳಿಸಿರಲಿಲ್ಲ.

ಎರಡನೆಯ ವರ್ಷ: ವಾದ್ಯದವರ ಪ್ರಶ್ನೆ

ಎರಡನೆಯ ಸಲ ಅಕ್ಕಿ ಬೇಡ, ಹಣವೇ ಆಗಲಿ ಎಂದೆವು. ತೋಟದ ಮಾಲೀಕರೊಬ್ಬರು ಹತ್ತು ಮೂಟೆ ಅಕ್ಕಿ ಕೊಡುತ್ತೇನೆ, ಆದಾಯ ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೊಡಿ ಎಂದರು. ವಸ್ತುವಿನ ರೂಪದ ದಾನಕ್ಕೆ ಆ ವಿನಾಯಿತಿ ಇಲ್ಲ, 2000 ರೂಪಾಯಿ ಮೀರಿದ ನಗದಿಗೂ ಇಲ್ಲ, ಚೆಕ್ಕು ಕೊಡಿ ಎಂದೆ. ಕೊಟ್ಟರು. ನನ್ನ ಬ್ಯಾಂಕಿನ ಬುದ್ಧಿ ಕೆಲಸಕ್ಕೆ ಬಂದದ್ದು ಅಲ್ಲಿ ಒಂದು ಕಡೆ. 1971ರಲ್ಲಿ ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ನಡೆಸಿದ ಕಛೇರಿಯ ಧ್ವನಿಮುದ್ರಿಕೆಯ ಹಣ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಅಂಥವರಿಗೇ ಹಾಗಾದ ಮೇಲೆ ನಮ್ಮದೇನು ಎಂದು ಪ್ರತಿ ರೂಪಾಯಿಯನ್ನೂ ನೇರವಾಗಿ ಟ್ರಸ್ಟಿನ ಖಾತೆಗೆ ಹಾಕಿಸಿದೆ.

ಲೆಕ್ಕ ಮುಗಿಸಿದಾಗ ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಬ್ಯಾನರು, ಹಾರ, ಕಾಫಿ ತಿಂಡಿ ಸೇರಿ ಪೆಟ್ಟಿಗೆಗೆ ಬಿದ್ದ ಹಣದ ಹತ್ತಿರ ಹತ್ತಿರ ಅರ್ಧ ತಿಂದಿತ್ತು. ಮೈಕಿನವರಿಗೆ ಪೂರ್ತಿ ಕೊಟ್ಟಿದ್ದೆವು, ಹಾರದವರಿಗೂ ಕೊಟ್ಟಿದ್ದೆವು. ಸಂಗೀತಗಾರರಿಗೆ ಏನೂ ಕೊಟ್ಟಿರಲಿಲ್ಲ. ಎಲ್ಲರೂ ಸೇವೆಯೆಂದು ಬಂದವರು ಎಂಬುದು ನಮ್ಮ ನಂಬಿಕೆ. ಮೇಷ್ಟರಿಗೆ ಪಾಠದ ವರಮಾನವಿದೆ, ಶಿಕ್ಷಕಿಗೆ ಪಿಂಚಣಿ ಇದೆ. ಆದರೆ ಆ ವರ್ಷ ಕಾರ್ಯಕ್ರಮದ ಆರಂಭಕ್ಕೆ ಮಂಗಳವಾದ್ಯ ಇರಲಿ ಎಂದು ಒಂದು ನಾಗಸ್ವರದ ತಂಡವನ್ನೂ ಕರೆದಿದ್ದೆವು. ನಾಗಸ್ವರ, ಡೋಲು, ಶ್ರುತಿ, ತಾಳ. ಒಂದೇ ಮನೆತನದ ನಾಲ್ವರು. ಅರ್ಧ ಗಂಟೆ ಎಂದು ಕರೆದವರನ್ನು ಸಭೆ ಒಂದು ಗಂಟೆ ಬಿಡಲಿಲ್ಲ. ಇಡೀ ಸಂಜೆಯಲ್ಲಿ ನನಗೆ ಈಗಲೂ ನೆನಪಿರುವುದು ಅವರು ನುಡಿಸಿದ ಒಂದು ಕಲ್ಯಾಣಿ ರಾಗ.

ಫೆಬ್ರವರಿಯ ಒಂದು ಶನಿವಾರ ನಾನು ಕೋಣೆಗೆ ಹೋದಾಗ ತಂಡದ ಯಜಮಾನರು ಸಾಲಿನಲ್ಲಿ ನಿಂತಿದ್ದರು. ನಾನು ನೋಡದಂತೆ ಇರಬೇಕೆಂದಿದ್ದೆ. ಅವರೇ ಕರೆದು ಮಾತಾಡಿಸಿದರು. "ಏನಿಲ್ಲ ಸ್ವಾಮಿ, ಧನುರ್ಮಾಸದ ಸಾಲ ಇನ್ನೂ ತೀರಿಲ್ಲ" ಎಂದರು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದೆ, ಸಂಕ್ರಾಂತಿಯವರೆಗೆ ಮದುವೆಗಳಿಲ್ಲ. ಆಷಾಢದಲ್ಲೂ ಇಲ್ಲ. ದೇವಸ್ಥಾನದ ಬೆಳಗಿನ ಪೂಜೆಗೆ ಊದಿದರೆ ಹುಗ್ಗಿ ಸಿಗುತ್ತದೆ, ಮನೆ ನಡೆಯುವುದಿಲ್ಲ. "ನಮ್ಮನ್ನು ಕರೆದದ್ದು ಸಂತೋಷ. ಆದರೆ ವಾದ್ಯದವರನ್ನು ವೀಳ್ಯ ಕೊಟ್ಟು ಕರೆಯುವುದು ಪದ್ಧತಿ. ನೀವು ಫೋನಿನಲ್ಲಿ ಕರೆದಿರಿ, ಬಂದೆವು. ಬರಿಗೈಯಲ್ಲಿ ಹೋದೆವು. ಅದು ಹಸಿದವರಿಗಾಗಿ ಎಂದು ಮೇಷ್ಟರು ಮೈಕಿನಲ್ಲಿ ಹೇಳಿದಾಗ ಡೋಲಿನ ಹುಡುಗ ನಕ್ಕುಬಿಟ್ಟ."

ಇದನ್ನು ಸಮಿತಿಯಲ್ಲಿ ಹೇಳಿದಾಗ ಜಗಳವೇ ಆಯಿತು. ಸೇವೆಗೆ ಸಂಭಾವನೆ ಕೇಳಬಾರದು ಎಂದವರಿದ್ದರು. ಧನುರ್ಮಾಸವಾದ್ದರಿಂದ ಹೇಗೂ ಅವರು ಬಿಡುವಾಗಿದ್ದರಲ್ಲ ಎಂದವರೂ ಇದ್ದರು. ಆ ಮಾತನ್ನು ಆಡಿದವರಿಗೆ ಅದರ ಅರ್ಥ ತಿಳಿಯಿತೋ ಇಲ್ಲವೋ. ಮೇಷ್ಟರು ತುಂಬ ಹೊತ್ತು ಸುಮ್ಮನಿದ್ದು, ತ್ಯಾಗರಾಜರು ಬೇಡಿದ್ದು ತಮ್ಮ ಮನೆಯ ಒಲೆಗೆ, ಹಾಡಿದವನ ಒಲೆ ಉರಿಯದೆ ಉಂಛವೃತ್ತಿ ಎಲ್ಲಿಯದು ಎಂದು ಕೇಳಿದರು. ನಾನು ಅವರ ಪಕ್ಷ. ಮೈಕಿನವನಿಗೆ ಕೊಟ್ಟು ನಾಗಸ್ವರದವನಿಗೆ ಕೊಡದ ಲೆಕ್ಕಕ್ಕೆ ನಾನು ಸಹಿ ಹಾಕಿದ್ದೆ ಎಂಬುದು ಇಂದಿಗೂ ಚುಚ್ಚುತ್ತದೆ.

ಮೂರನೆಯ ವರ್ಷ

ಮೂರನೆಯ ಸಲ ಲೆಕ್ಕವನ್ನು ತಿರುವುಮುರುವು ಮಾಡಿದೆವು. ಮೊದಲ ಸಾಲಿನಲ್ಲಿ ಬರೆದದ್ದು ಸಂಗೀತದಿಂದಲೇ ಬದುಕುವವರ ಸಂಭಾವನೆ, ಮದುವೆ ಮನೆಯ ದರದಲ್ಲಿ. ವರಮಾನ ಬೇರೆ ಇರುವವರು ಬೇಡವೆಂದರೆ ಅವರ ಇಷ್ಟ. ಬಾಡಿಗೆ ಸಭಾಂಗಣ ಬಿಟ್ಟು ಶಾಲೆಯೊಂದರ ಅಂಗಳದಲ್ಲಿ ಮಾಡಿದೆವು. ಹಾರ ತುರಾಯಿ ತೆಗೆದೆವು. ಅದಕ್ಕೆ ಕೆಲವು ಮುಖ್ಯ ಅತಿಥಿಗಳು ಬರಲಿಲ್ಲ, ಭಾಷಣಗಳೂ ಅಷ್ಟು ಕಡಿಮೆಯಾದವು.

ಬಾಗಿಲಲ್ಲಿ ಏನನ್ನೂ ಕೇಳಲಿಲ್ಲ. ಕುರ್ಚಿಯ ಮೇಲೆ ಒಂದೊಂದು ಚೀಟಿ ಇಟ್ಟಿದ್ದೆವು: ಜೂನ್, ಜುಲೈ, ಆಗಸ್ಟ್ ಎಂದು ಮೂರು ಚೌಕ. ಯಾವ ತಿಂಗಳು ಎಷ್ಟು ಕೊಡುತ್ತೀರಿ ಎಂದು ಬರೆದು, ಫೋನ್ ಸಂಖ್ಯೆ ಹಾಕಿ ಹೋಗುವುದು. ಹಾಡು ಕೇಳಿದ ಹುಮ್ಮಸ್ಸಿನಲ್ಲಿ ಬರೆದ ಮಾತು ಮಳೆಗಾಲಕ್ಕೆ ಉಳಿಯುತ್ತದೆಯೇ ಎಂದು ನನಗೆ ನಂಬಿಕೆ ಇರಲಿಲ್ಲ. ಎರಡು ಸುತ್ತು ಫೋನು ಮಾಡಿದ ಮೇಲೆ ಸುಮಾರು ಮೂರರಲ್ಲಿ ಎರಡು ಪಾಲು ಬಂತು. ಉಳಿದವರು ಫೋನು ಎತ್ತಲಿಲ್ಲ. ನಾನು ಕಂಡ ಸಾಲಗಾರರಿಗೆ ಹೋಲಿಸಿದರೆ ಕೆಟ್ಟ ವಸೂಲಾತಿಯಲ್ಲ.

ಆ ಹಣದಿಂದ ಅಕ್ಕಿ ಕೊಳ್ಳಲಿಲ್ಲ ಎಂದೇ ಹೇಳಬಹುದು. ಮಂಡಿಯ ದಿನಸಿ ವ್ಯಾಪಾರಿಯೊಬ್ಬರ ಬಳಿ ಖಾತೆ ಇಟ್ಟು, ಹದಿನೈದು ದಿನಕ್ಕೊಮ್ಮೆ ತೊಗರಿಬೇಳೆ, ಎಣ್ಣೆ, ಬೆಲ್ಲ, ಉಪ್ಪು, ಮೆಣಸಿನಕಾಯಿ, ಬಟ್ಟೆ ಸೋಪು ತರಿಸಿದೆವು. ಗೋದಾಮು ಅವರದು, ನುಸಿಯ ಚಿಂತೆಯೂ ಅವರದು. ಯಂತ್ರಕ್ಕೆ ಬೆರಳು ಸಿಗದವರಿಗೆ ಮಾತ್ರ ಅಕ್ಕಿ, ಒಂದೇ ಬಗೆಯದು, ಆ ವಾರವೇ ತಂದದ್ದು.

ಎರಡು ಪ್ರಯೋಗಗಳು ಕೈಕೊಟ್ಟವು. ಬಯಲುಸೀಮೆಯ ಕಡೂರು ಕಡೆಯಿಂದ ರಾಗಿ ತರಿಸಿದೆವು. ಹುಳ ಹಿಡಿಯದ ಧಾನ್ಯ, ಹಿಂದೆ ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಮಳೆಗಾಲಕ್ಕೆ ಹೇಳಿಸಿದ ಹಾಗಿದೆ ಎಂದುಕೊಂಡೆವು. ಲೈನ್ ಮನೆಯ ಅಸ್ಸಾಮಿನ ಹುಡುಗಿಯರು ಹಿಟ್ಟನ್ನು ಮೂಸಿ ನೋಡಿ, ನಕ್ಕು, ವಾಪಸು ಇಟ್ಟರು. ಎರಡನೆಯದು ಆಷಾಢದಲ್ಲೇ ಒಂದು ಕಛೇರಿ ಇಡುವ ಮೇಷ್ಟರ ಆಸೆ. ತಗಡಿನ ಮಾಡಿನ ಕೆಳಗೆ ನಲವತ್ತು ಜನ ಬಂದರು. ಮಳೆ ಸುರಿದ ಸದ್ದಿನಲ್ಲಿ ಪಿಟೀಲು ಮೂರನೆಯ ಸಾಲಿಗೂ ಕೇಳಲಿಲ್ಲ, ಕರೆಂಟೂ ಹೋಯಿತು. ಮತ್ತೆ ಮಾಡೋಣ ಎಂದು ಅವರು ಈಗಲೂ ಹೇಳುತ್ತಾರೆ. ಜನ ಬರುವುದು ಡಿಸೆಂಬರಿನಲ್ಲಿ, ಹಾಡು ಅಲ್ಲೇ ಇರಲಿ, ಹಣ ಮಾತ್ರ ಜೂನಿನವರೆಗೆ ಕಾಯಲಿ ಎಂಬುದು ನನ್ನ ವಾದ. ನಮ್ಮಿಬ್ಬರಲ್ಲಿ ಇದು ಇನ್ನೂ ತೀರ್ಮಾನವಾಗಿಲ್ಲ.

ನಾಲ್ಕನೆಯ ವರ್ಷದ ತಾರೀಖು ಗೊತ್ತುಮಾಡುವ ಮೊದಲು ನಾನು ನಾಗಸ್ವರದ ಯಜಮಾನರ ಮನೆಗೆ ಹೋದೆ. ಡಿಸೆಂಬರ್ ಎರಡನೆಯ ಭಾನುವಾರ ಆಗಬಹುದೇ ಎಂದು ಕೇಳಿದೆ. ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿ, "ಅವತ್ತು ಮದುವೆ ಒಪ್ಪಿಕೊಂಡಿದ್ದೇನೆ ಸ್ವಾಮಿ, ಆಗುವುದಿಲ್ಲ. ಧನುರ್ಮಾಸ ಹಿಡಿದ ಮೇಲೆ ಯಾವತ್ತು ಬೇಕಾದರೂ ಬರುತ್ತೇವೆ" ಎಂದರು. ಅದರ ಮುಂದಿನ ಭಾನುವಾರ ಬರೆದುಕೊಂಡೆ. ಎರಡು ಎಲೆ, ಒಂದು ಅಡಿಕೆ, ಮೇಲೆ ಐನೂರು ರೂಪಾಯಿ ಇಟ್ಟು ವೀಳ್ಯ ಕೊಟ್ಟೆ. ಡೋಲಿನ ಹುಡುಗ ರಸೀದಿಗೆ ಸಹಿ ಹಾಕಿದ.